ನನ್ನ ತೋಳು ಮೇಲೇರಿತು, ಉಳಿದವರಿಗೂ ಕಲಿಸಲೇ?

ಪ್ರಶ್ನೆ:

ನನಗೆ 43 ವರ್ಷ. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯವಳು. ಎರಿ ಹೊಲ ಇದೆ. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಮೂರು ವರ್ಷದ ಹಿಂದೆ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಎದೆ ತೆಗೆದರು, ಕಂಕುಳದ ಗಂಟುಗಳನ್ನೂ ತೆಗೆದರು. ಆಮೇಲೆ ಕಿಮೋ, ಆಮೇಲೆ ಕರೆಂಟು (ರೇಡಿಯೇಶನ್). ಈಗ ದಿನಕ್ಕೊಂದು ಗುಳಿಗೆ, ಆಗಾಗ ತಪಾಸಣೆ.

ಆಪರೇಷನ್ ಆದ ಹೊಸದರಲ್ಲಿ ಎಡಗೈ ಭುಜದ ಮಟ್ಟಕ್ಕೂ ಏರುತ್ತಿರಲಿಲ್ಲ. ದವಾಖಾನೆಯ ಫಿಸಿಯೊಥೆರಪಿ ಬಾಯಾರು ತೋರಿಸಿದ ವ್ಯಾಯಾಮವನ್ನು ತಪ್ಪದೆ ಮಾಡಿದೆ. ಈಗ ನನ್ನ ತುರುಬು ನಾನೇ ಕಟ್ಟಿಕೊಳ್ಳುತ್ತೇನೆ, ರೊಟ್ಟಿ ಬಡಿಯುತ್ತೇನೆ. ನಮ್ಮೂರಲ್ಲಿ ಮತ್ತು ಸುತ್ತಿನ ಊರುಗಳಲ್ಲಿ ಇದೇ ರೋಗ ಬಂದು ಹೋದ ಮೂವರು ನನ್ನ ಹತ್ತಿರ ಬಂದು, ‘ನಮಗೂ ಹೇಳಿಕೊಡ್ರಿ’ ಅಂತಿದ್ದಾರೆ. ಒಬ್ಬಾಕೆಯ ಕೈ ಬಾತು ಕಂಬದಂತಾಗಿದೆ. ನನಗೂ ಇದನ್ನೇ ಕೆಲಸ ಮಾಡಿಕೊಳ್ಳಬೇಕು, ಸರಿಯಾಗಿ ಕಲಿತು ಟ್ರೇನರ್ ಆಗಬೇಕು ಎಂಬ ಆಸೆ ಹುಟ್ಟಿದೆ.

ಆದರೆ ಅತ್ತೆ, ‘ಒಂದ ಎದಿ ಕಳಕೊಂಡಾಕಿ ಮನ್ಯಾಗ ಸುಮ್ನ ಕುಂಡ್ರೂದ ಬಿಟ್ಟು ಊರ ಹೆಣ್ಮಕ್ಕಳಿಗೆ ಕಸರತ್ತ ಕಲಸ್ತಾಳಂತ’ ಅಂದರು. ನಾನು ಪಿಯುಸಿವರೆಗೆ ಮಾತ್ರ ಓದಿದವಳು. ನಾನು ಕಲಿಸಿದ್ದರಿಂದ ಯಾರಿಗಾದರೂ ಕೈ ಇನ್ನಷ್ಟು ಬಾತರೆ? ದುಡ್ಡು ಇಸಗೊಂಡರೆ ತಪ್ಪಾಗುತ್ತದೆಯೇ? ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ನನಗೇ ರೋಗ ತಿರುಗಿ ಬಂದರೆ, ನನ್ನನ್ನು ನೋಡಿ ಧೈರ್ಯ ತಂದುಕೊಂಡವರ ಗತಿ ಏನು? ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ.

— ಹೆಸರು ಬೇಡ, ನವಲಗುಂದ ತಾಲ್ಲೂಕು

ಉತ್ತರ:

ತಂಗೀ,

ಕಲಿಸಿ. ನನ್ನ ಮೊದಲ ಮಾತು ಇದೇ. ಆದರೆ ಟ್ರೇನರ್ ಎಂಬ ಹೆಸರು ಹಚ್ಚಿಕೊಳ್ಳುವ ಮುಂಚೆ ಕಲಿಯುವುದು ಬಹಳಷ್ಟಿದೆ. ಎಲ್ಲಿಯವರೆಗೆ ಕೈ ಹಾಕಬೇಕು, ಎಲ್ಲಿ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಬೇಕು ಎಂಬುದನ್ನು ತಿಳಿದವರೇ ಇಂಥವರಿಗೆ ಕಲಿಸಲು ತಕ್ಕವರು. ‘ಯಾರಿಗಾದರೂ ಕೈ ಬಾತರೆ?’ ಎಂದು ನೀವೇ ಕೇಳಿದ್ದೀರಿ. ಆ ಅಂಜಿಕೆ ಇರುವವರ ಕೈಗೇ ಈ ಕೆಲಸ ಹೋಗಬೇಕು.

ಭಾರ ಎತ್ತಬೇಡಿ ಅನ್ನುತ್ತಿದ್ದ ಕಾಲ

ಕಂಕುಳದ ಗಂಟು ತೆಗೆಸಿಕೊಂಡವರಿಗೆ ಡಾಕ್ಟರುಗಳು ಬಹಳ ವರ್ಷ ಒಂದೇ ಮಾತು ಹೇಳುತ್ತಿದ್ದರು: ಆ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬೇಡಿ. ಅದಕ್ಕೆ ಕಾರಣವೂ ಇತ್ತು. ಕೈಯಲ್ಲಿ ರಕ್ತದ ಜೊತೆಗೆ ದುಗ್ಧರಸ ಎಂಬ ತಿಳಿ ದ್ರವ ಹರಿಯುತ್ತದೆ. ಅದು ಕಂಕುಳದ ಗ್ರಂಥಿಗಳ ಮೂಲಕ ಹಾಯ್ದು ಮತ್ತೆ ರಕ್ತ ಸೇರುತ್ತದೆ. ಗ್ರಂಥಿ ತೆಗೆದರೆ, ಅಥವಾ ಕರೆಂಟಿನಿಂದ ಅಲ್ಲಿನ ದಾರಿ ಗಟ್ಟಿಯಾದರೆ, ರಸ ಕೈಯಲ್ಲೇ ನಿಲ್ಲುತ್ತದೆ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಬಂದು ಬಸಿದು ಹೋಗಲು ದಾರಿ ಇಲ್ಲದಿದ್ದರೆ ಎರಿ ಮಣ್ಣು ಜವುಳು ಹಿಡಿಯುವುದನ್ನು ನಿಮ್ಮ ಸೀಮೆಯವರು ಕಂಡಿದ್ದೀರಿ; ಕೈ ಬಾಯುವುದೂ ಹಾಗೆಯೇ. ಭಾರ ಎತ್ತಿದರೆ ರಸ ಇನ್ನೂ ಹೆಚ್ಚಾಗಿ ನುಗ್ಗಿ ಬಾವು ಬರುತ್ತದೆ ಎಂದು ಅವರು ಅಂದುಕೊಂಡಿದ್ದರು.

ಆ ನಂಬಿಕೆ ನಿಜವೇ ಎಂದು ಪರೀಕ್ಷಿಸಿ ನೋಡಿದವರು ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾ. ಡಾನ್ ಮೆಕೆಂಜಿ. 1996ರಲ್ಲಿ ಅವರು ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ 24 ಮಹಿಳೆಯರನ್ನು ಸೇರಿಸಿ, ತೋಳಿಗೆ ಭಾರೀ ಕೆಲಸ ಕೊಡುವ ಡ್ರ್ಯಾಗನ್ ದೋಣಿಯ ಹುಟ್ಟು ಹಾಕುವುದನ್ನು ನಿಧಾನವಾಗಿ ಕಲಿಸಿದರು. ಎಲ್ಲರೂ ಅಂಜಿದ್ದ ಬಾವು ಬರಲಿಲ್ಲ. ಇವತ್ತು ಅಂಥ ದೋಣಿ ತಂಡಗಳು ಹಲವು ದೇಶಗಳಲ್ಲಿವೆ. ಆಮೇಲೆ ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು, ಈಗಾಗಲೇ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದರ ಫಲ 2009ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡಿದವರ ಕೈ ಹೆಚ್ಚು ಬಾಯಲಿಲ್ಲ. ಬಾವು ಏಕಾಏಕಿ ಉಲ್ಬಣಿಸಿದ್ದು ಅವರಲ್ಲಿ ನೂರಕ್ಕೆ 14 ಮಂದಿಗೆ, ವ್ಯಾಯಾಮ ಮಾಡದವರಲ್ಲಿ 29 ಮಂದಿಗೆ. ಸ್ನಾಯು ಹಿಗ್ಗಿ ಕುಗ್ಗಿದಾಗಲೆಲ್ಲ ನಿಂತ ರಸವನ್ನು ಮುಂದಕ್ಕೆ ನೂಕುತ್ತದೆ. ಆದ್ದರಿಂದ ಹದವರಿತು ಮಾಡಿದ ಕೆಲಸ ಕೈಗೆ ಒಳ್ಳೆಯದೇ.

ಆದರೆ ಆ ಮಹಿಳೆಯರು ಹೇಗೆ ಮಾಡಿದರು ಎಂಬುದನ್ನು ಮರೆಯಬೇಡಿ. ಮೊದಲ 13 ವಾರ ತರಬೇತಾದವರ ಕಣ್ಣೆದುರಿನಲ್ಲೇ ಮಾಡಿದರು. ಬಾತ ಕೈಗೆ ಅಳತೆಗೆ ತಕ್ಕ ಬಿಗಿ ತೋಳುಚೀಲ ಹಾಕಿಕೊಂಡರು. ತೀರ ಕಡಿಮೆ ಭಾರದಿಂದ ಶುರು ಮಾಡಿ, ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಸ್ವಲ್ಪ ಸ್ವಲ್ಪ ಏರಿಸಿದರು. ಹಾಗಾಗಿ, ಕಂಬದಂತೆ ಬಾತಿದೆ ಎಂದು ನೀವು ಬರೆದ ಆಕೆಗೆ ನೀವು ಇವತ್ತೇ ಏನನ್ನೂ ಕಲಿಸಬೇಡಿ. ಆಕೆಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ, ಫಿಸಿಯೊಥೆರಪಿಯವರಿಗೆ ತೋರಿಸಿ. ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಿಮ್ಸ್, ಅಥವಾ ಆಕೆ ಚಿಕಿತ್ಸೆ ಪಡೆದ ದವಾಖಾನೆ, ಎಲ್ಲಾದರೂ ಸರಿ. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಬಸ್ ಚಾರ್ಜಿಲ್ಲ. ಬಾತ ಕೈಗೆ ಪಟ್ಟಿ ಸುತ್ತುವುದು, ಚರ್ಮದ ಆರೈಕೆ, ತೋಳುಚೀಲದ ಅಳತೆ, ಇವು ನುರಿತವರ ಕೆಲಸ. ಅವರು ಒಪ್ಪಿದ ಮೇಲೆ ಆಕೆ ನಿಮ್ಮ ಗುಂಪಿಗೆ ಬರಲಿ.

ದಿನಾ ಹೊಲಕ್ಕ ಹೋಗ್ತೇವಿ, ಮತ್ಯಾಕ ವ್ಯಾಯಾಮ?

ಈ ಮಾತನ್ನು ನೀವು ಎಲ್ಲರ ಬಾಯಲ್ಲೂ ಕೇಳುವಿರಿ. ಉತ್ತರ ತಯಾರಿಟ್ಟುಕೊಳ್ಳಿ. ಹತ್ತಿ ಬಿಡಿಸುವಾಗ, ಕಳೆ ತೆಗೆಯುವಾಗ ಬೆನ್ನು ಬಗ್ಗಿಯೇ ಇರುತ್ತದೆ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುವುದೇ ಇಲ್ಲ. ರೊಟ್ಟಿ ಬಡಿಯುವಾಗ ಅದೇ ಕೈ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ. ಆಪರೇಷನ್ ಆದ ಕಡೆ ಗಾಯ ಮಾಗುತ್ತಾ ಚರ್ಮ ಮತ್ತು ಸ್ನಾಯು ಬಿಗಿಯುತ್ತವೆ. ನೋವಿಗೆ ಅಂಜಿ ಭುಜ ಮುಂದಕ್ಕೆ ಬಾಗುತ್ತದೆ, ಎದೆ ಕಾಣಬಾರದೆಂದು ಸೆರಗು ಎಳೆದುಕೊಂಡು ಗೂನು ಬಿದ್ದೇ ನಡೆಯುವುದು ರೂಢಿಯಾಗುತ್ತದೆ. ದುಡಿಮೆಯಿಂದ ದೇಹ ದಣಿಯುತ್ತದೆ, ಆದರೆ ಬಿಗಿದ ಭುಜ ಬಿಡುವುದಿಲ್ಲ. ಬೇಕಾದದ್ದು ಹೊಲದ ಕೆಲಸ ಕೊಡದ ಚಲನೆ: ಕೈಯನ್ನು ಮೇಲಕ್ಕೆ ಚಾಚುವುದು, ಭುಜ ಹಿಂದಕ್ಕೆಳೆದು ಎದೆ ತೆರೆಯುವುದು, ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳಿಗೆ ಕಸುವು ತುಂಬುವುದು.

ಇನ್ನೊಂದು ಮಾತು. ಕುಡಿಯುವ ನೀರಿಗೆ ಕೆರೆ ನಂಬಿದ ನಿಮ್ಮ ಊರುಗಳಲ್ಲಿ ‘ಕೊಡ ಎತ್ತಬೇಡ’ ಎಂಬ ಸಲಹೆ ಎಷ್ಟು ದಿನ ನಡೆದೀತು? ಸೊಸೆ, ಮಗಳು ಇಲ್ಲದ ಮನೆಯಲ್ಲಿ ಒಂದಲ್ಲ ಒಂದು ದಿನ ಆಕೆ ಕೊಡ ಎತ್ತಿಯೇ ತೀರುತ್ತಾಳೆ. ತಯಾರಿ ಇಲ್ಲದ ಕೈಗೆ ಅವತ್ತು ಒಮ್ಮೆಲೇ 15 ಕೆ.ಜಿ. ಬೀಳುತ್ತದೆ. ಅದಕ್ಕಿಂತ ಅರ್ಧ ಲೀಟರಿನ ಬಾಟಲಿಯಿಂದ, ಅಂದರೆ ಅರ್ಧ ಕೆ.ಜಿ.ಯಿಂದ ಶುರು ಮಾಡಿ ತಿಂಗಳುಗಟ್ಟಲೆ ತಾಳಿ ಕೈಯನ್ನು ಅಣಿಗೊಳಿಸುವುದು ಮೇಲು. ಪೇಟೆಯ ಜಿಮ್ಮಿನವರಿಗೆ ಈ ಕೊಡದ ಲೆಕ್ಕ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿದೆ. ಊರ ಹೆಂಗಸೇ ಕಲಿಸಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಎಷ್ಟು ಮಾಡಿಸಬೇಕು ಎಂಬುದಕ್ಕೂ ಒಂದು ಅಳತೆ ಇದೆ. 2019ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಸಂಘದ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಸೇರಿ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಮಾರ್ಗಸೂಚಿ ಕೊಟ್ಟರು. ವಾರಕ್ಕೆ ಮೂರು ದಿನ 30 ನಿಮಿಷ ಬಿರುಸಾದ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯುಬಲದ ವ್ಯಾಯಾಮ. ಪ್ರತಿಯೊಂದನ್ನೂ 8ರಿಂದ 15 ಸಲದಂತೆ ಎರಡು ಸುತ್ತು. ಇಷ್ಟರಿಂದ ಸುಸ್ತು, ಆತಂಕ, ಖಿನ್ನತೆ ತಗ್ಗುತ್ತವೆ, ದಿನದ ಕೆಲಸಕ್ಕೆ ತ್ರಾಣ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಬಿರುಸು ಎಷ್ಟಿರಬೇಕು ಎಂದರೆ, ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಕಿಮೋ ಈಗಷ್ಟೇ ಮುಗಿಸಿದಾಕೆ ಮೊದಲ ವಾರ ಓಣಿಯ ತುದಿಯವರೆಗೆ ಹೋಗಿ ಬಂದರೂ ಸಾಕು.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಕ್ಯಾನ್ಸರ್ ವೈದ್ಯರ ಜೊತೆಗೂಡಿ, ಚಿಕಿತ್ಸೆಯಲ್ಲಿರುವ ಸ್ತನ ಕ್ಯಾನ್ಸರ್ ರೋಗಿಗಳಿಗೆ ಯೋಗ ಕಲಿಸಿ ಪರೀಕ್ಷಿಸಿದರು. ಯೋಗ ಮಾಡಿದವರಿಗೆ ಕಿಮೋದ ಓಕರಿಕೆ ಕಡಿಮೆಯಾಯಿತು ಎಂಬ ವರದಿ 2007ರಲ್ಲೇ ಬಂತು. ಮುಂದೆ ಅಮೆರಿಕದ ಹ್ಯೂಸ್ಟನ್ನಿನ ಕ್ಯಾನ್ಸರ್ ಆಸ್ಪತ್ರೆಯೊಂದಿಗೆ ಸೇರಿ, ಕರೆಂಟು ಹಿಡಿಸಿಕೊಳ್ಳುತ್ತಿದ್ದ 163 ಮಹಿಳೆಯರಲ್ಲಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರ ದೈಹಿಕ ಸಾಮರ್ಥ್ಯ ಉಳಿದವರಿಗಿಂತ ಚೆನ್ನಾಗಿತ್ತು. ಯೋಗ ನಿಮ್ಮ ಊರಿಗೆ ಹೊಸದಲ್ಲ, ಒಪ್ಪಿಸುವುದು ಸುಲಭ. ಆದರೆ ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕುವ ಆಸನಗಳನ್ನು ಮೊದಲಿಗೇ ಮಾಡಿಸಬೇಡಿ.

ಒಂದು ತರಗತಿ ಹೀಗಿರಲಿ

ಮೂವರಿಂದ ಶುರು ಮಾಡಿ. ಜಾಗ ಊರ ನಡುವೆ ಬೇಡ. ಸಾಲಿ ಬಿಟ್ಟ ಮೇಲೆ ಒಂದು ಕೋಣೆ, ಮಠದ ಪಡಸಾಲೆ, ಅಥವಾ ಯಾರದಾದರೂ ಮನೆಯ ಮಾಳಿಗೆ ಆದೀತು. ಗಂಡಸರು ಹಾಯದ ಜಾಗ, ಹಾಯದ ಹೊತ್ತು ನೋಡಿ. ನೆಲಕ್ಕೆ ಜಮಖಾನ ಹಾಸಿ. ಯಾವ ಬಟ್ಟೆ ಒಗ್ಗುತ್ತದೋ ಅದನ್ನೇ ಉಟ್ಟು ಬರಲಿ. ಮೊದಲ ಹತ್ತು ನಿಮಿಷ ಸುಮ್ಮನೆ ನಡಿಗೆ, ಉಸಿರಾಟ, ಭುಜ ತಿರುಗಿಸುವುದು.

ಆಮೇಲೆ ಗೋಡೆ. ನೀವು ಮಾಡಿ ಗೆದ್ದ ವ್ಯಾಯಾಮವೇ ಇದಿರಬೇಕು. ಗೋಡೆಗೆ ಮುಖ ಮಾಡಿ ನಿಂತು, ಎರಡೂ ಕೈಬೆರಳುಗಳನ್ನು ಇರುವೆ ಹತ್ತಿದಂತೆ ಒಂದೊಂದೇ ಹೆಜ್ಜೆ ಮೇಲಕ್ಕೇರಿಸುವುದು. ಜಗ್ಗಿದ ಹಾಗಾಗುವಲ್ಲಿ ನಿಂತು ಐದು ಉಸಿರು ಎಣಿಸಿ, ಮತ್ತೆ ಬೆರಳಿನ ಹೆಜ್ಜೆಯಲ್ಲೇ ಇಳಿಸುವುದು. ಕೈಯನ್ನು ಧಡಕ್ಕನೆ ಬಿಡಬಾರದು. ಆಪರೇಷನ್ ಆದ ಕೈ ತಲುಪಿದ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಬ್ಬೊಬ್ಬರಿಗೆ ಗೋಡೆಯ ಒಂದೊಂದು ಜಾಗ. ಮೊದಲ ದಿನ ಮೂಗಿನ ಮಟ್ಟಕ್ಕಿದ್ದ ಗೆರೆ ಕ್ರಮೇಣ ಹಣೆ ದಾಟಿದ್ದನ್ನು ಆಕೆಯೇ ನೋಡುತ್ತಾಳೆ, ನೀವು ಹೊಗಳಬೇಕಾಗಿಯೇ ಇಲ್ಲ. ಜಗ್ಗಿದ ಹಾಗಾಗುವುದು ಸರಿ, ಚುಚ್ಚುವ ನೋವು ಸರಿಯಲ್ಲ. ಈ ಎರಡರ ವ್ಯತ್ಯಾಸವನ್ನು ಮೈಯಲ್ಲಿ ಅನುಭವಿಸಿದ ನೀವು, ಅದನ್ನು ಅನುಭವಿಸದ ಯಾರಿಗಿಂತಲೂ ಚೆನ್ನಾಗಿ ಹೇಳಬಲ್ಲಿರಿ.

ಕೊನೆಗೆ ಬಾಟಲಿ ಹಿಡಿದು ಕಸುವಿನ ವ್ಯಾಯಾಮ, ಖುರ್ಚಿಯಿಂದ ಎದ್ದು ಕೂರುವುದು, ಬೆನ್ನಿನದು ಒಂದೆರಡು. 15 ಸಲ ಸಲೀಸಾಗಿ ಆಗಿ, ಮರುದಿನವೂ ಕೈ ಭಾರ ಎನಿಸದಿದ್ದರೆ ಮಾತ್ರ ನೀರು ಹೆಚ್ಚಿಸಿ. ಹಂಗಾಮಿನಲ್ಲಿ ನಾಲ್ಕಾರು ವಾರ ತಪ್ಪಿಸಿದವರು ಹಳೆಯ ಭಾರಕ್ಕೆ ನೇರ ಮರಳಬಾರದು, ಕೆಳಗಿನಿಂದಲೇ ಮತ್ತೆ ಏರಬೇಕು. ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿಯ ಹೊತ್ತನ್ನೂ ಎಷ್ಟು ಸಲ ಮಾಡಬೇಕೆಂಬ ಎಣಿಕೆಯನ್ನೂ ತಗ್ಗಿಸಿ.

ಪ್ರತಿಯೊಬ್ಬರನ್ನೂ ಮೊದಲ ದಿನವೇ ಕೇಳಿ: ನಿನಗೆ ಏನು ಮಾಡಲು ಬಂದರೆ ಸಾಕು? ಒಬ್ಬಾಕೆಗೆ ಜಂಪರಿನ ತೋಳಿಗೆ ತಾನೇ ಕೈ ಹಾಕಬೇಕು. ಮತ್ತೊಬ್ಬಾಕೆಗೆ ಅಟ್ಟದ ಮೇಲಿನ ಡಬ್ಬಿ ಇಳಿಸಬೇಕು. ಮಗದೊಬ್ಬಾಕೆಗೆ ಪಂಚಮಿಗೆ ತವರಿಗೆ ಹೋದಾಗ ಜೋಕಾಲಿಯ ಹಗ್ಗ ಹಿಡಿದು ಜೀಕಬೇಕು. ಅದನ್ನೇ ಗುರಿ ಎಂದು ಬರೆದುಕೊಳ್ಳಿ. ತೂಕ ಇಳಿಸುವ ಮಾತಿಗಿಂತ ಇದು ದಿನಾ ತರಗತಿಗೆ ಕರೆತರುತ್ತದೆ.

ಎಲ್ಲಿ ನಿಲ್ಲಿಸಬೇಕು

ಡಾಕ್ಟರರ ಒಪ್ಪಿಗೆ ಚೀಟಿ ಇಲ್ಲದೆ ಯಾರನ್ನೂ ಸೇರಿಸಬೇಡಿ. ಚೀಟಿಯಲ್ಲಿ ನಿಮಗೆ ಬೇಕಾದ್ದು ಇಷ್ಟು: ಯಾವ ಕಡೆ ಆಪರೇಷನ್, ಕಂಕುಳದ ಗ್ರಂಥಿ ತೆಗೆದಿದ್ದಾರೆಯೇ, ಹೃದಯ ಸರಿಯಿದೆಯೇ, ಎಲುಬಿಗೆ ರೋಗ ಹರಡಿದೆಯೇ, ಯಾವ ಗುಳಿಗೆ ನಡೆದಿದೆ. ಇವೆಲ್ಲ ಯಾಕೆಂದರೆ, ಕೆಲವು ಕಿಮೋ ಔಷಧಗಳು ಹೃದಯಕ್ಕೆ ಪೆಟ್ಟು ಕೊಡುತ್ತವೆ. ಮುಟ್ಟು ನಿಂತವರಿಗೆ ಕೊಡುವ ಕೆಲವು ಹಾರ್ಮೋನು ಗುಳಿಗೆಗಳಿಂದ ಎಲುಬು ಸವೆಯುತ್ತದೆ. ಬೆನ್ನೆಲುಬಿಗೆ ರೋಗ ಹರಡಿದವರನ್ನು ಬಗ್ಗಿಸಿದರೆ, ತಿರುಚಿದರೆ ಮುರಿತದ ಅಪಾಯವಿದೆ. ಕಿಮೋದಿಂದ ಅಂಗಾಲು ಜೋಮು ಹಿಡಿದಾಕೆಗೆ ಮುಳ್ಳು ತುಳಿದದ್ದೂ ತಿಳಿಯುವುದಿಲ್ಲ. ಆಕೆ ಬರಿಗಾಲಲ್ಲಿ ಬದುವಿನ ಮೇಲೆ ನಡೆಯಬಾರದು.

ದರ್ಜಿಯ ಟೇಪು ಮತ್ತು ಒಂದು ವಹಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಎರಡೂ ತೋಳನ್ನು ಮೊಳಕೈಯಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ ಅಳೆದು ಬರೆಯಿರಿ. ಎರಡರ ನಡುವೆ 2 ಸೆಂ.ಮೀ.ನಷ್ಟು ಅಂತರ ಹೊಸದಾಗಿ ಕಂಡರೆ ವ್ಯಾಯಾಮ ನಿಲ್ಲಿಸಿ ದವಾಖಾನೆಗೆ ಕಳಿಸಿ. ಟೇಪಿಗಿಂತ ಮೊದಲೇ ಸುಳಿವು ಕೊಡುವುದು ಬಳೆ. ನಿನ್ನೆ ಮೊನ್ನೆವರೆಗೆ ಸರಾಗವಾಗಿ ಆಡುತ್ತಿದ್ದ ಹಸಿರು ಬಳೆ ಮುಂಗೈಗೆ ಕಚ್ಚಿಕೊಂಡು ಗೆರೆ ಮೂಡಿಸಿದೆ ಎಂದರೆ ರಸ ನಿಲ್ಲತೊಡಗಿದೆ. ‘ಬಳಿ ಬಿಗಿ ಆಗ್ಯಾವೇನು?’ ಎಂದು ಪ್ರತಿ ವಾರ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಬಿಗಿಯಾದರೆ ಆ ಕೈಯ ಬಳೆ ತೆಗೆಯಲೇಬೇಕು. ಮುತ್ತೈದೆಯ ಕೈ ಬರಿದಾಗಬಾರದೆಂದು ಅಂಜುವವರಿಗೆ ಇನ್ನೊಂದು ಕೈಯಲ್ಲಿ ಎರಡು ಹೆಚ್ಚು ಇಟ್ಟುಕೊಳ್ಳಲು ಹೇಳಿ.

ಆ ಕೈಗೆ ಗಾಯ ಆಗದಂತೆ ನೋಡಿಕೊಳ್ಳುವುದನ್ನೂ ಪಾಠದಲ್ಲಿ ಸೇರಿಸಿ. ಹತ್ತಿ ಕಾಯಿಯ ಚೂಪು ತುದಿ, ಕುಡಗೋಲು, ಒಲೆಯ ಬಿಸಿ, ಎಲ್ಲದಕ್ಕೂ ಜೋಪಾನ ಬೇಕು. ಗೀರಾದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು. ನಾಳೆ ಎನ್ನದೆ ಅವತ್ತೇ ದವಾಖಾನೆ. ಉಸಿರು ಕಟ್ಟುವುದು, ಎದೆನೋವು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇವಕ್ಕೂ ತಡಮಾಡುವಂತಿಲ್ಲ. ಹೊಸ ಗಂಟು, ರಾತ್ರಿ ನಿದ್ದೆಗೆಡಿಸುವ ಎಲುಬು ನೋವು, ಗುಳಿಗೆ ನಡೆದಿರುವಾಗ ಅಕಾಲದಲ್ಲಿ ರಕ್ತಸ್ರಾವ, ಇವು ಕಂಡರೆ ತಪಾಸಣೆಯ ತಾರೀಖಿಗೆ ಕಾಯಬಾರದು. ಈ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಬರೆದು ವಹಿಯ ಮೊದಲ ಪುಟಕ್ಕೆ ಅಂಟಿಸಿ.

ಕಲಿಕೆ, ಕಾಸು, ಮನೆ

ಪಿಯುಸಿ ಓದಿದ್ದು ಕಡಿಮೆಯೇನಲ್ಲ. ಮೊದಲ ಗುರು ನಿಮಗೆ ಕಲಿಸಿದ ಆ ಫಿಸಿಯೊಥೆರಪಿ ಬಾಯಾರೇ. ‘ಕೆಲವು ದಿನ ನಿಮ್ಮ ಹತ್ತಿರ ನಿಂತು ನೋಡಿ ಕಲಿಯಲೇ?’ ಎಂದು ಕೇಳಿ. ಧಾರವಾಡ ಹತ್ತಿರದ ಸತ್ತೂರಿನ ಎಸ್‌ಡಿಎಂನಲ್ಲಿ ಫಿಸಿಯೊಥೆರಪಿ ಕಾಲೇಜೂ ಇದೆ, ಅಲ್ಲೂ ವಿಚಾರಿಸಿ. ಸರ್ಟಿಫಿಕೇಟಿಗೆ ಎರಡು ದಾರಿ. ಯೋಗದ ಕಡೆ ಒಲವಿದ್ದರೆ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆಗಳು. ಫಿಟ್‌ನೆಸ್ ಕಡೆ ಹೋಗುವುದಾದರೆ ಕ್ರೀಡೆ ಮತ್ತು ಫಿಟ್‌ನೆಸ್ ಕ್ಷೇತ್ರದ ರಾಷ್ಟ್ರೀಯ ಕೌಶಲ ಮಂಡಳಿಯ ಟ್ರೇನರ್ ಕೋರ್ಸು. ಕ್ಯಾನ್ಸರ್ ರೋಗಿಗಳಿಗೇ ಮೀಸಲಾದ ಅಂತಾರಾಷ್ಟ್ರೀಯ ತರಬೇತಿಗಳೂ ಇವೆ, ಇಂಗ್ಲಿಷಿನಲ್ಲಿ. ಅವನ್ನು ಮುಂದೆ ನೋಡಿದರಾಯಿತು. ನೆನಪಿಡಿ, ಸಾಮಾನ್ಯ ಫಿಟ್‌ನೆಸ್ ಸರ್ಟಿಫಿಕೇಟು ಬಂದ ಮೇಲೂ ಡಾಕ್ಟರರ ಒಪ್ಪಿಗೆ ಚೀಟಿ ಬೇಕೇ ಬೇಕು.

ದುಡ್ಡು ಇಸಗೊಳ್ಳುವುದು ತಪ್ಪಲ್ಲ. ನಿಮ್ಮ ಹೊತ್ತಿಗೆ, ಕಲಿಕೆಗೆ ಬೆಲೆ ಇದೆ. ಕಲಿಯುವ ತಿಂಗಳುಗಳಲ್ಲಿ ಬಿಟ್ಟಿ ಕಲಿಸಿ, ಕಲಿತಾದ ಮೇಲೆ ಕೈಲಾದಷ್ಟು ಎಂದು ತಿಂಗಳ ಫೀ ಇಡಿ. ಆಗದವರ ಪಾಲನ್ನು ಸ್ವಸಹಾಯ ಸಂಘ ಹೊರಬಹುದೇ ಕೇಳಿ. ತಪ್ಪಾಗುವುದು ಬೇರೆ ಕಡೆ. ನಿಮ್ಮ ಗುಂಪು ಬೆಳೆದದ್ದು ಕಂಡು ಪುಡಿ, ಜ್ಯೂಸು, ಕಷಾಯ ಮಾರಿಕೊಡಿ ಎಂದು ಕಮಿಷನ್ನಿನ ಆಸೆ ಹುಟ್ಟಿಸುವವರು ಬರುತ್ತಾರೆ. ಒಂದನ್ನೂ ಒಳಗೆ ಬಿಡಬೇಡಿ. ‘ವ್ಯಾಯಾಮ ಮಾಡ್ತೀನಲ್ಲ, ಗುಳಿಗಿ ಯಾಕ?’ ಎಂದು ಯಾರಾದರೂ ಅಂದರೆ ಅವತ್ತಿನ ತರಗತಿಯನ್ನೇ ಆ ಮಾತಿಗೆ ಮೀಸಲಿಡಿ. ಟ್ಯಾಮಾಕ್ಸಿಫೆನ್ ಗುಳಿಗೆ ಬರೆದಿದ್ದರೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ನುಂಗಬೇಕು. ನಡುವೆ ಬಿಡುವಂತಿಲ್ಲ.

ಯಾರ ರೋಗದ ಸುದ್ದಿಯೂ ನಿಮ್ಮ ಗೋಡೆ ದಾಟಬಾರದು. ಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ರೋಗ ಮುಚ್ಚಿಟ್ಟ ತಾಯಂದಿರು ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಎಲ್ಲ ಕಡೆ ಇದ್ದಾರೆ. ನೀವಾಗಿ ಯಾರ ಮನೆಗೂ ಹೋಗಿ ಹೆಸರು ಹಿಡಿದು ಕರೆಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿಡಿ, ಬೇಕಾದವರು ತಾವೇ ಬರುತ್ತಾರೆ.

ಅತ್ತೆಯ ಮಾತು ನಿಮಗೆ ಚುಚ್ಚಿದೆ, ಚುಚ್ಚುವಂಥದೇ. ಆದರೆ ಸೊಸೆ ಸಾವಿನ ಬಾಗಿಲಿಗೆ ಹೋಗಿ ಬಂದದ್ದನ್ನು ಕಂಡ ಮುದುಕಿ ಆಕೆ. ದಣಿದರೆ ರೋಗ ಕೆರಳುತ್ತದೆ, ಊರ ಕಣ್ಣು ಬೀಳುತ್ತದೆ ಎಂಬ ಹೆದರಿಕೆಯೂ ಆ ಮಾತಿನಲ್ಲಿ ಇರಬಹುದು. ವಾದಕ್ಕೆ ನಿಲ್ಲಬೇಡಿ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ‘ಈಕೆ ವ್ಯಾಯಾಮ ಮಾಡಬಹುದೇ, ಕಲಿಸಬಹುದೇ’ ಎಂದು ಅವರೇ ಡಾಕ್ಟರನ್ನು ಕೇಳಲಿ. ತರಗತಿಯಲ್ಲಿ ಎಣಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ ನೋಡಿ. ಅವರು ಒಪ್ಪದಿದ್ದರೂ ಯಜಮಾನರ ಒಪ್ಪಿಗೆ ಇದ್ದರೆ ನಿಲ್ಲಿಸಬೇಡಿ. ಎದೆ ಹೋದದ್ದು ರೋಗದಿಂದ, ನಿಮ್ಮ ಅಪರಾಧದಿಂದಲ್ಲ. ಮೂಲೆಯಲ್ಲಿ ಕೂರುವ ಶಿಕ್ಷೆ ಯಾರೂ ವಿಧಿಸುವಂತಿಲ್ಲ.

ತಿರುಗಿ ಬಂದರೆ?

ಈಗ ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ವ್ಯಾಯಾಮದಿಂದ ರೋಗ ತಿರುಗಿ ಬರುವುದಿಲ್ಲ ಎಂದು ನೀವೂ ನಂಬಬೇಡಿ, ಯಾರಿಗೂ ಹೇಳಬೇಡಿ. ದೊಡ್ಡ ಕರುಳಿನ ಕ್ಯಾನ್ಸರಿನ 889 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷ ಶಿಸ್ತಿನಿಂದ ವ್ಯಾಯಾಮ ಮಾಡಿದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಸಂತೋಷದ ಸುದ್ದಿ. ಆದರೆ ಅದು ಬೇರೆ ಕ್ಯಾನ್ಸರಿನ ಮಾತು, ಅದನ್ನೇ ಸ್ತನ ಕ್ಯಾನ್ಸರಿಗೆ ಹಚ್ಚಿ ಭರವಸೆ ಕೊಡುವಂತಿಲ್ಲ. ಅಲ್ಲೂ ಕೆಲವರಿಗೆ ಮರುಕಳಿಸಿತು.

‘ನನ್ನನ್ನು ನೋಡಿ, ನಾನು ಗುಣವಾಗಿದ್ದೇನೆ’ ಎಂದು ನಿಮ್ಮ ಮೈಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರೆ, ನಿಮ್ಮ ಪ್ರತಿಯೊಂದು ತಪಾಸಣೆಯೂ ಅವರೆಲ್ಲರ ಪರೀಕ್ಷೆಯಾಗುತ್ತದೆ. ಆ ಹೊರೆ ನಿಮಗೂ ಬೇಡ, ಅವರಿಗೂ ಬೇಡ. ಮೊದಲ ದಿನವೇ ಹೀಗೆ ಹೇಳಿಬಿಡಿ: ‘ರೋಗದ ಚಿಂತೆ ಡಾಕ್ಟರಿಗೆ ಬಿಡೋಣ. ಕೈ ಏರಲಿ, ಬೆನ್ನು ನೆಟ್ಟಗಾಗಲಿ, ಸುಸ್ತು ಇಳಿಯಲಿ, ನಾವು ಮಾಡೋದು ಅದಕ್ಕ.’ ಇಷ್ಟನ್ನೇ ಮಾತು ಕೊಟ್ಟರೆ, ನಾಳೆ ನಿಮಗೇ ಆಗಲಿ ಮತ್ತೊಬ್ಬರಿಗೇ ಆಗಲಿ ರೋಗ ಮರಳಿದರೂ ನೀವು ಕಲಿಸಿದ್ದು ಸುಳ್ಳಾಗುವುದಿಲ್ಲ. ರೋಗ ಮರಳಿದವರಿಗೂ ಹದವಾದ ವ್ಯಾಯಾಮ ಬೇಕಾಗುತ್ತದೆ, ಡಾಕ್ಟರು ಹೇಳಿದ ಮಿತಿಯಲ್ಲಿ. ಆಗ ಅವರನ್ನು ಗುಂಪಿನಿಂದ ಬಿಡಬೇಡಿ. ಗುಂಪಿನಲ್ಲಿ ಒಂದು ಸಾವೂ ಆಗಬಹುದು. ಅವತ್ತು ತರಗತಿ ಮಾಡದೆ ಎಲ್ಲರೂ ಕೂಡಿ ಕುಳಿತು ಅತ್ತರೆ ತಪ್ಪೇನಿಲ್ಲ.

ಇದರ ಜೊತೆಗೆ ಮೊದಲಿನಿಂದಲೇ ಇನ್ನೊಂದು ಕೆಲಸ ಮಾಡಿ: ಮೂವರಲ್ಲಿ ಒಬ್ಬಾಕೆಯನ್ನು ನಿಮ್ಮ ಜೋಡಿಯಾಗಿ ತಯಾರು ಮಾಡಿ. ಅಳೆಯುವುದು, ವಹಿ ಬರೆಯುವುದು, ಯಾವಾಗ ದವಾಖಾನೆಗೆ ಕಳಿಸಬೇಕೆಂಬುದು ಆಕೆಗೂ ಬರಬೇಕು. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬಾಕೆ ತಾನು ಎದೆಯ ಆಪರೇಷನ್ ಮಾಡಿಸಿಕೊಂಡ ಮೇಲೆ, ಅದೇ ಆಪರೇಷನ್ ಆದ ಬೇರೆ ಹೆಂಗಸರ ಹಾಸಿಗೆಯ ಬಳಿಗೆ ಹೋಗಿ ಧೈರ್ಯ ಹೇಳತೊಡಗಿದರು. ರೋಗಿಗಳಿಗೆ ಕೊಡುತ್ತಿದ್ದ ಚೀಲದಲ್ಲಿ ತೋಳಿನ ವ್ಯಾಯಾಮಕ್ಕೆ ಒಂದು ಹಗ್ಗ, ಒಂದು ಚೆಂಡು ಇರುತ್ತಿತ್ತು. ಮೊದಮೊದಲು ಡಾಕ್ಟರುಗಳೇ ಅಡ್ಡ ಬಂದರು. ಆಕೆ ಬಿಡಲಿಲ್ಲ, ಉಳಿದ ಹೆಂಗಸರನ್ನೂ ಇದೇ ಕೆಲಸಕ್ಕೆ ಅಣಿಗೊಳಿಸಿದರು. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯೇ ಅದನ್ನು ತನ್ನ ಕಾರ್ಯಕ್ರಮ ಮಾಡಿಕೊಂಡಿತು. ಆಕೆ ತೀರಿಕೊಂಡ ಮೇಲೂ ಆ ಕೆಲಸ ನಿಲ್ಲದೆ ನಡೆಯಿತು. ನಿಮ್ಮ ಗುಂಪೂ ನಿಮ್ಮೊಬ್ಬರ ಮೇಲೆ ನಿಂತಿಲ್ಲ ಎಂದು ಗೊತ್ತಾದ ದಿನ ನಿಮ್ಮ ಹೆದರಿಕೆ ಅರ್ಧ ಇಳಿಯುತ್ತದೆ. ಉಳಿದರ್ಧ ನಮ್ಮೆಲ್ಲರ ಜೊತೆಗೇ ಇರುವಂಥದು. ಅದು ತೀರ ಕಾಡಿ ನಿದ್ದೆ ಬರದೇ ಹೋದರೆ ತಪಾಸಣೆಯಲ್ಲಿ ಡಾಕ್ಟರಿಗೆ ಅದನ್ನೂ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಈಗ ಮಾಡಬೇಕಾದ್ದು ಇಷ್ಟು. ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಆ ಮೂವರಿಗೂ ತಂತಮ್ಮ ಫೈಲು ತರಲು ಹೇಳಿ, ಕೂಡಿಯೇ ಬಸ್ಸು ಹತ್ತಿ. ಚೀಟಿ ಬರೆಸಿಕೊಳ್ಳಿ, ಫಿಸಿಯೊಥೆರಪಿ ಬಾಯಾರ ಹತ್ತಿರ ಕಲಿಯುವ ದಿನ ಗೊತ್ತು ಮಾಡಿಕೊಳ್ಳಿ, ಬರುವಾಗ ಒಂದು ಟೇಪು, ಒಂದು ವಹಿ ಕೊಂಡು ತನ್ನಿ. ವಹಿಯಲ್ಲಿ ಮೊದಲು ನಿಮ್ಮ ತೋಳಿನ ಅಳತೆಯನ್ನೇ ಬರೆಯಿರಿ. ಒಳ್ಳೆಯದಾಗಲಿ.